ಆಫ್ರಿಕನ್ ಸಿಕ್ಲಿಡ್ ಸಾಕಬೇಕಾ? ಮೊದಲು ಜಗಳದ ಲೆಕ್ಕ ಕಲಿಯಿರಿ

"ಹತ್ತು ಬಣ್ಣದ ಮೀನು ತಂದು ಬಿಟ್ಟೆ. ಮೂರು ತಿಂಗಳಲ್ಲಿ ಎರಡೇ ಉಳಿದಿವೆ. ಏನು ಕಾಯಿಲೆ ಇರಬಹುದು?"

ಈ ಪ್ರಶ್ನೆ ಬೇರೆ ಬೇರೆ ಮಾತಲ್ಲಿ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. ಬಹಳ ಸಲ ಅಲ್ಲಿ ಕಾಯಿಲೆಯೇ ಇರುವುದಿಲ್ಲ. ಉಳಿದ ಎರಡರಲ್ಲಿ ಒಂದು ದಪ್ಪಗೆ, ಮಿರಮಿರ ಮಿಂಚುತ್ತಾ ಓಡಾಡಿಕೊಂಡಿದೆಯಲ್ಲ, ಕಾರಣ ಅದೇ. ಇನ್ನೊಂದು ಹೀಟರ್ ಹಿಂದೆ, ನೀರಿನ ಮೇಲ್ಭಾಗದ ಮೂಲೆಯಲ್ಲಿ, ಹರಿದ ಬಾಲ ಇಟ್ಟುಕೊಂಡು ನಿಂತಿರುತ್ತದೆ. ಅದರ ಸರದಿಯೂ ಬರುತ್ತದೆ.

ಸಿಹಿನೀರಿನಲ್ಲಿ ಆಫ್ರಿಕನ್ ಸಿಕ್ಲಿಡ್‌ನಷ್ಟು ಬಣ್ಣದ ಮೀನು ಕಡಿಮೆ. ಗಟ್ಟಿಮುಟ್ಟು ಕೂಡ. ನೀರು ಹೊಂದಿಕೊಂಡರೆ ಎಂಟು ಹತ್ತು ವರ್ಷ ಆರಾಮಾಗಿ ಬದುಕುತ್ತವೆ. ಕಷ್ಟ ಇರುವುದು ಅವುಗಳ ಸ್ವಭಾವದಲ್ಲಿ. ಗಪ್ಪಿ, ಟೆಟ್ರಾ ಸಾಕಿದ ಅನುಭವ ಇಲ್ಲಿ ಅರ್ಧ ಮಾತ್ರ ಉಪಯೋಗಕ್ಕೆ ಬರುತ್ತದೆ, ಉಳಿದರ್ಧ ತಿರುಗುಮುರುಗು. ಅಲ್ಲಿ ಮೀನು ಕಡಿಮೆ ಇದ್ದಷ್ಟು ಒಳ್ಳೆಯದು. ಇಲ್ಲಿ ತೀರಾ ಕಡಿಮೆ ಇದ್ದರೆ ಒಂದು ಇನ್ನೊಂದನ್ನು ಅಟ್ಟಿಸಿಕೊಂಡೇ ಸಾಯಿಸುತ್ತದೆ. ಹಾಗಂತ ಸುಮ್ನೆ ತುಂಬಿಸಿದರೆ ನೀರು ಕೆಡುತ್ತದೆ. ಇವೆರಡರ ನಡುವೆ ಹಾದಿ ಹುಡುಕುವುದೇ ಸಿಕ್ಲಿಡ್ ಸಾಕಣೆ.

ಮೊದಲು ಸಾಮಾನು

ನಾಲ್ಕು ಅಡಿ ಉದ್ದದ ಟ್ಯಾಂಕ್, ಮುಚ್ಚಳ, ಗಟ್ಟಿಯಾದ ಸ್ಟ್ಯಾಂಡ್. ಜೋರಾದ ಫಿಲ್ಟರ್, ಏರ್ ಪಂಪ್, ಥರ್ಮೋಸ್ಟಾಟ್ ಇರುವ ಹೀಟರ್, ಥರ್ಮಾಮೀಟರ್. ಮರಳು ಮತ್ತು ತುಂಬಾ ಕಲ್ಲು. ಕ್ಲೋರಿನ್ ತೆಗೆಯುವ ದ್ರಾವಣ. ಕೊನೆಯದಾಗಿ ಅಮೋನಿಯ, ನೈಟ್ರೈಟ್, ನೈಟ್ರೇಟ್, ಪಿಎಚ್, ಕೆಎಚ್ ಅಳೆಯುವ ಟೆಸ್ಟ್ ಕಿಟ್ (ಇವೆಲ್ಲ ಏನು ಅಂತ 4, 5ನೇ ಹಂತದಲ್ಲಿ ಹೇಳುತ್ತೇನೆ). ಕಿಟ್ ಬೇಡ ಅಂತ ಉಳಿತಾಯ ಮಾಡುವವರು ಆಮೇಲೆ ಅದರ ಹತ್ತು ಪಟ್ಟು ಮೀನಿನ ಮೇಲೆ ಕಳೆಯುತ್ತಾರೆ. ಪಟ್ಟಿ ಅದ್ದಿ ನೋಡುವ ಕಿಟ್‌ಗಿಂತ ಹನಿ ಹಾಕಿ ನೋಡುವ ಕಿಟ್ ನಂಬಿಕೆಗೆ ಅರ್ಹ.

ಮೀನು ಈಗಲೇ ಬೇಡ. ಅದಕ್ಕೆ ಇನ್ನೂ ಒಂದೂವರೆ ತಿಂಗಳು ಇದೆ.

ಹಂತ 1: ಮೀನಿಗಿಂತ ಮೊದಲು ಸರೋವರ ಆರಿಸಿ

"ಆಫ್ರಿಕನ್ ಸಿಕ್ಲಿಡ್" ಅನ್ನುವುದು ಒಂದು ಜಾತಿಯ ಹೆಸರಲ್ಲ. ಪೂರ್ವ ಆಫ್ರಿಕಾದ ಮೂರು ದೊಡ್ಡ ಸರೋವರಗಳಾದ ಮಲಾವಿ, ಟ್ಯಾಂಗನಿಕಾ, ವಿಕ್ಟೋರಿಯಾಗಳ ನೂರಾರು ಜಾತಿಗಳಿಗೆ ಅಂಗಡಿಯಲ್ಲಿ ಒಟ್ಟಾಗಿ ಹಾಗೆ ಹೇಳುತ್ತಾರೆ. ಒಂದೊಂದು ಸರೋವರದ ನೀರು, ಊಟ, ನಡತೆ ಬೇರೆ. ಹಾಗಾಗಿ ಒಂದು ಟ್ಯಾಂಕಿಗೆ ಒಂದೇ ಸರೋವರ. ಆಸ್ಕರ್, ಏಂಜಲ್, ಫ್ಲವರ್‌ಹಾರ್ನ್ ಕೂಡ ಸಿಕ್ಲಿಡ್‌ಗಳೇ. ಆದರೆ ಅವುಗಳ ಮೂಲ ಅಮೆರಿಕ ಖಂಡಗಳದ್ದು. ಫ್ಲವರ್‌ಹಾರ್ನ್ ಅಂತೂ ಮನುಷ್ಯರೇ ಬೆರಕೆ ಮಾಡಿದ್ದು. ಇವನ್ನು ಆಫ್ರಿಕನ್ನರ ಜೊತೆ ಬಿಡಬೇಡಿ.

ಮೊದಲ ಸಲ ಸಾಕುವವರಿಗೆ ನನ್ನ ಸಲಹೆ ಮಲಾವಿ. ಬಣ್ಣದ ಮೀನುಗಳಲ್ಲಿ ಸುಲಭವಾಗಿ ಸಿಗುವುದು ಹೆಚ್ಚಾಗಿ ಅಲ್ಲಿಯವೇ. ಅದರಲ್ಲೂ ಎರಡು ಪಂಗಡ ಇವೆ.

ಒಂದು ಎಂಬುನಾ. ಸರೋವರದ ದಡದ ಟೋಂಗಾ ಜನರ ಮಾತಿನಲ್ಲಿ ಇದಕ್ಕೆ ಬಂಡೆಮೀನು ಅಂತ ಅರ್ಥ. ಇವು ಬಂಡೆಗಳ ಸಂದಿಯಲ್ಲೇ ಇದ್ದು, ಬಂಡೆ ಮೇಲೆ ಬೆಳೆದ ಪಾಚಿಯನ್ನೂ ಅದರಲ್ಲಿರುವ ಸಣ್ಣ ಹುಳುಗಳನ್ನೂ ಕೆರೆದು ತಿನ್ನುತ್ತವೆ. ಸಾಮಾನ್ಯವಾಗಿ ಬೆರಳುದ್ದ. ಗಂಡಿಗೂ ಹೆಣ್ಣಿಗೂ ಬಣ್ಣ ಇರುತ್ತದೆ. ಜಗಳಗಂಟತನವೂ ಇಬ್ಬರಿಗೂ ಇರುತ್ತದೆ.

ಇನ್ನೊಂದು ಹ್ಯಾಪ್ ಮತ್ತು ಪೀಕಾಕ್. ಇವು ಬಯಲಲ್ಲಿ, ಮರಳಿನ ಮೇಲೆ ಈಜುವವು. ಬಣ್ಣ ಗಂಡಿಗೆ ಮಾತ್ರ, ಹೆಣ್ಣು ಬೂದು. ಪೀಕಾಕ್ ಬೇಟೆಯಾಡುವುದನ್ನು ಒಮ್ಮೆ ಹತ್ತಿರದಿಂದ ನೋಡಿ. ಮರಳಿನಿಂದ ಸ್ವಲ್ಪವೇ ಮೇಲೆ ಅಲುಗಾಡದೆ ನಿಂತಿರುತ್ತದೆ. ದವಡೆಯ ಕೆಳಗೆ ಸಾಲಾಗಿ ಸಣ್ಣ ಗುಂಡಿಗಳಿವೆ. ಮರಳೊಳಗೆ ಹುಳ ಅಲುಗಿದರೆ ಅವುಗಳಿಗೆ ಗೊತ್ತಾಗುತ್ತದೆ. ಗೊತ್ತಾದದ್ದೇ ತಡ, ಬಾಯಿ ಮರಳಿಗೆ.

ಎಂಬುನಾ ಜೊತೆ ಪೀಕಾಕ್ ಬೆರೆಸಬಹುದಾ ಅಂತ ಕೇಳುವವರು ಜಾಸ್ತಿ. ಬೆರೆಸಿದವರೂ ಇದ್ದಾರೆ. ಆದರೆ ಪೀಕಾಕ್ ಮೆತ್ತಗಿನ ಮೀನು. ಎಂಬುನಾಗಳ ಗಲಾಟೆಯಲ್ಲಿ ಅದರ ಬಣ್ಣ ಸರಿಯಾಗಿ ಬರುವುದಿಲ್ಲ. ಎರಡರ ಊಟವೂ ಬೇರೆ. ಮೊದಲ ಟ್ಯಾಂಕಿನಲ್ಲಿ ಒಂದನ್ನೇ ಆರಿಸಿ.

ಜಾಗ ಕಡಿಮೆ ಇದೆಯಾ? ಆಗ ಟ್ಯಾಂಗನಿಕಾದ ಚಿಪ್ಪುವಾಸಿಗಳನ್ನು ನೋಡಿ. ಮಲ್ಟಿಫ್ಯಾಸಿಯೇಟಸ್ ಅನ್ನುವ ಮೀನು ನಾಲ್ಕು ಸೆಂ.ಮೀ. ಆಸುಪಾಸಿನದು. ಖಾಲಿ ಬಸವನಹುಳದ ಚಿಪ್ಪೇ ಅದರ ಮನೆ. ಬಣ್ಣ ಕಡಿಮೆ, ಆದರೆ ಎರಡು ಅಡಿ ಟ್ಯಾಂಕಿನಲ್ಲಿ ಒಂದು ಸಂಸಾರವೇ ನಡೆಯುತ್ತದೆ. ಇಡೀ ಮಲಾವಿ ಗುಂಪನ್ನು ಎರಡು ಅಡಿಗೆ ತುರುಕುವುದಕ್ಕಿಂತ ಇದು ಎಷ್ಟೋ ವಾಸಿ.

ಹಂತ 2: ಟ್ಯಾಂಕ್ ಇಡುವುದು

ಎಂಬುನಾಗಳಿಗೆ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ ಇರಲಿ. ಅಂಚಿನವರೆಗೆ ತುಂಬಿಸಿದರೆ ಸುಮಾರು 250 ಲೀಟರ್. ಎತ್ತರಕ್ಕಿಂತ ಉದ್ದ ಮುಖ್ಯ. ಓಡಿಹೋಗಲು ದೂರ ಬೇಕಲ್ಲ. ಓಡುವ ಮೀನು ಅಟ್ಟಿಸುವ ಮೀನಿನ ಕಣ್ಣಿಂದ ಮರೆಯಾಗಬೇಕು. ಆಗಲೇ ಬೆನ್ನಟ್ಟುವುದು ನಿಲ್ಲುತ್ತದೆ.

ಒಂದು ಲೀಟರ್ ನೀರು ಒಂದು ಕಿಲೋ. ಗಾಜು, ಕಲ್ಲು ಸೇರಿದರೆ 300 ಕಿಲೋ ದಾಟುತ್ತದೆ. ಟಿ.ವಿ. ಸ್ಟ್ಯಾಂಡ್ ಇದಕ್ಕೆ ಆಗುವುದಿಲ್ಲ. ಸ್ಟ್ಯಾಂಡ್ ಮಟ್ಟಸವಾಗಿರಬೇಕು, ಟ್ಯಾಂಕಿನ ಅಡಿಗೆ ತೆಳ್ಳನೆ ಥರ್ಮೋಕೋಲ್ ಹಾಸಬೇಕು. ನೇರ ಬಿಸಿಲು ಬೀಳದ ಕಡೆ ಇಡಿ.

ಫಿಲ್ಟರ್ ವಿಷಯದಲ್ಲಿ ಕಂಜೂಸಿ ಬೇಡ. ಡಬ್ಬದ ಮೇಲೆ "ಗಂಟೆಗೆ ಇಷ್ಟು ಲೀಟರ್" ಅಂತ ಇರುತ್ತದೆ. ಅದು ನಿಮ್ಮ ಟ್ಯಾಂಕಿನ ನೀರಿನ ಎಂಟರಿಂದ ಹತ್ತು ಪಟ್ಟು ಇರಲಿ. ಒಂದು ದೊಡ್ಡದರ ಬದಲು ಎರಡು ಮಧ್ಯಮ ಗಾತ್ರದವು ಹಾಕಿದರೆ ಒಂದು ಕೆಟ್ಟರೂ ಇನ್ನೊಂದು ಕಾಯುತ್ತದೆ.

ಹಂತ 3: ಮೊದಲು ಕಲ್ಲು, ಆಮೇಲೆ ಮರಳು

ಈ ಕ್ರಮ ತಪ್ಪಿಸಬೇಡಿ. ಎಂಬುನಾಗಳು ಅಗೆಯುತ್ತವೆ. ಬಾಯಿತುಂಬಾ ಮರಳು ತುಂಬಿಕೊಂಡು ಆಚೆ ಮೂಲೆಗೆ ಹೋಗಿ ಉಗುಳುವುದೇ ಅವುಗಳ ದಿನದ ಅರ್ಧ ಕೆಲಸ. ಮರಳಿನ ಮೇಲೆ ಕಲ್ಲು ಇಟ್ಟರೆ ಒಂದು ದಿನ ಅಡಿ ಪೊಳ್ಳಾಗುತ್ತದೆ. ನನ್ನ ಮೊದಲ ಟ್ಯಾಂಕಿನಲ್ಲಿ ಹಾಗೇ ಆಯಿತು. ರಾತ್ರಿ ದಡ್ ಅಂತ ಶಬ್ದ. ಗಾಜು ಉಳಿದದ್ದು ಪುಣ್ಯ, ಹೀಟರ್ ಉಳಿಯಲಿಲ್ಲ.

ಹಾಗಾಗಿ ಟ್ಯಾಂಕಿನ ತಳಕ್ಕೆ ಪ್ಲಾಸ್ಟಿಕ್ ಜಾಲರಿ ಅಥವಾ ತೆಳು ಫೋಮ್ ಹಾಸಿ. ಅದರ ಮೇಲೆ ದೊಡ್ಡ ಕಲ್ಲುಗಳನ್ನು ಅಲುಗಾಡದ ಹಾಗೆ ಕೂರಿಸಿ. ಕೈಯಿಂದ ತಳ್ಳಿ ನೋಡಿ. ಅಲುಗಿದರೆ ಮತ್ತೆ ಜೋಡಿಸಿ. ಆಮೇಲೆ ಸುತ್ತ ಮೂರು ನಾಲ್ಕು ಸೆಂ.ಮೀ. ಮರಳು ಸುರಿಯಿರಿ.

ಕಲ್ಲುಗಳ ಗುಡ್ಡೆ ಒಂದೇ ಆದರೆ ಅದಕ್ಕೆ ಒಬ್ಬನೇ ಯಜಮಾನ. ಬಿಡಿಬಿಡಿಯಾಗಿ ಮೂರು ಗುಡ್ಡೆ ಮಾಡಿ, ಪ್ರತಿಯೊಂದರಲ್ಲೂ ಬಹಳ ಸಂದಿ ಇರಲಿ. ಒಂದು ಕಡೆ ತೆರೆದು ಇನ್ನೊಂದು ಕಡೆ ಮುಚ್ಚಿದ ಗುಹೆ ಮಾಡಿದರೆ ಒಳಗೆ ನುಗ್ಗಿದ ಮೀನು ಸಿಕ್ಕಿಬೀಳುತ್ತದೆ. ಎರಡೂ ಕಡೆ ಬಾಯಿ ಇರಲಿ.

ಯಾವ ಕಲ್ಲು? ಚೂಪು ಅಂಚು ಇಲ್ಲದ್ದು, ತುಕ್ಕಿನಂಥ ಲೋಹದ ಗೆರೆ ಇಲ್ಲದ್ದು. ಕಲ್ಲಿನ ಮೇಲೆ ವಿನೆಗರ್ ಹನಿ ಹಾಕಿದಾಗ ಬುಸ್ ಅಂತ ನೊರೆ ಬಂದರೆ ಅದರಲ್ಲಿ ಸುಣ್ಣ ಇದೆ ಅಂತ. ಬೇರೆ ಮೀನಿನವರು ಅದನ್ನು ಎಸೆಯುತ್ತಾರೆ, ನಮಗೆ ಅದು ಲಾಭವೇ. ಮರಳು ತೀರಾ ಬಿಳಿ ಬೇಡ. ಬೆಳ್ಳನೆ ಮರಳಿನ ಮೇಲೆ ಮೀನು ತನ್ನ ಬಣ್ಣವನ್ನೂ ತಿಳಿ ಮಾಡಿಕೊಳ್ಳುತ್ತದೆ. ಮಣ್ಣಿನ ಬಣ್ಣದ್ದಾದರೆ ಚೆನ್ನ.

ಗಿಡ ಬೇಕೇ ಬೇಕು ಅನ್ನುವವರು ಅನುಬಿಯಾಸ್ ಅಥವಾ ಜಾವಾ ಫರ್ನ್ ಅನ್ನು ಕಲ್ಲಿಗೆ ಕಟ್ಟಿ. ಮರಳಲ್ಲಿ ನೆಟ್ಟದ್ದು ಮರುದಿನ ಬೆಳಿಗ್ಗೆ ತೇಲುತ್ತಿರುತ್ತದೆ.

ಹಂತ 4: ನೀರು

ಮೂರು ಪದ ತಿಳಿದುಕೊಳ್ಳಿ. ಪಿಎಚ್ ಅಂದರೆ ನೀರು ಹುಳಿಯ ಕಡೆ ಇದೆಯಾ, ಕ್ಷಾರದ ಕಡೆ ಇದೆಯಾ ಅನ್ನುವ ಅಳತೆ. 7 ನಡುವಿನದು, ಅದಕ್ಕಿಂತ ಮೇಲೆ ಕ್ಷಾರ. ಜಿಎಚ್ ಅಂದರೆ ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಷ್ಟಿದೆ ಅಂತ. ಸೋಪಿಗೆ ನೊರೆ ಬಾರದ ಗಡಸು ನೀರಿನಲ್ಲಿ ಇದು ಜಾಸ್ತಿ. ಕೆಎಚ್ ಅಂದರೆ ಪಿಎಚ್ ಏರುಪೇರಾಗದ ಹಾಗೆ ಹಿಡಿದಿಡುವ ಕಾರ್ಬೊನೇಟ್‌ಗಳ ಅಳತೆ. ಪಿಎಚ್ ಗಾಳಿಪಟ ಆದರೆ ಕೆಎಚ್ ಅದರ ದಾರ.

ಮಲಾವಿ ಮೀನಿಗೆ ಪಿಎಚ್ 7.8ರಿಂದ 8.6, ಟ್ಯಾಂಗನಿಕಾದವಕ್ಕೆ ಇನ್ನೂ ಸ್ವಲ್ಪ ಮೇಲೆ, 8.5ರಿಂದ 9. ಶಾಖ 24ರಿಂದ 27 ಡಿಗ್ರಿ ಸೆಲ್ಸಿಯಸ್. ಸರೋವರ ದೊಡ್ಡದು. ಅದರಲ್ಲೂ ಟ್ಯಾಂಗನಿಕಾದ ಆಳ ಸುಮಾರು 1,470 ಮೀಟರ್. ಅಷ್ಟು ನೀರು ಒಂದು ಮಳೆಗೋ ಒಂದು ಬಿಸಿಲಿಗೋ ಬದಲಾಗುವುದಿಲ್ಲ. ಹಾಗಾಗಿ ಈ ಮೀನುಗಳಿಗೆ ದಿಢೀರ್ ಬದಲಾವಣೆ ಗೊತ್ತೇ ಇಲ್ಲ. ಪಿಎಚ್ ಸದಾ 7.8 ಇದ್ದರೆ ತೊಂದರೆ ಇಲ್ಲ. ಇವತ್ತು 8.4, ನಾಳೆ 7.4 ಆದರೆ ತೊಂದರೆ.

ನಿಮ್ಮ ನಲ್ಲಿ ನೀರನ್ನು ಮೊದಲು ಅಳೆಯಿರಿ. ಬಕೆಟ್‌ನಲ್ಲಿ ಒಂದು ದಿನ ಗಾಳಿ ಆಡಿಸಿ ಆಮೇಲೆ ಅಳೆದರೆ ನಿಜವಾದ ಸಂಖ್ಯೆ ಸಿಗುತ್ತದೆ. ಗಡಸು ನೀರಾದರೆ ನಿಮ್ಮ ಅದೃಷ್ಟ, ಏನೂ ಬೆರೆಸಬೇಡಿ. ಮೆದು ನೀರಾದರೆ ಅಡುಗೆ ಸೋಡಾ ಸಾಕು. 50 ಲೀಟರಿಗೆ 6 ಗ್ರಾಂ, ಅಂದರೆ ಸುಮಾರು ಒಂದು ಟೀ ಚಮಚ ಹಾಕಿದರೆ ಕೆಎಚ್ 4 ಡಿಗ್ರಿ ಏರುತ್ತದೆ. ಟ್ಯಾಂಕಿಗೆ ನೇರ ಸುರಿಯಬಾರದು. ಬದಲಾಯಿಸುವ ಹೊಸ ನೀರಿನಲ್ಲಿ ಕರಗಿಸಿ ಹಾಕಿ, ಎರಡು ಮೂರು ವಾರದಲ್ಲಿ ನಿಧಾನವಾಗಿ ಏರಿಸಿ. ಜಿಎಚ್ ಏರಿಸಲು ಎಪ್ಸಮ್ ಉಪ್ಪು ಇದೆ. ಫಿಲ್ಟರಿನಲ್ಲಿ ಒಂದು ಚೀಲ ಹವಳದ ಚೂರು ಇಟ್ಟರೆ ಅದೂ ಮೆಲ್ಲಗೆ ಕರಗಿ ಕೆಲಸ ಮಾಡುತ್ತದೆ.

ಎರಡು ತಪ್ಪು ಪದೇ ಪದೇ ನೋಡುತ್ತೇನೆ. ಒಂದು, ಶುದ್ಧ ನೀರು ಒಳ್ಳೆಯದು ಅಂತ ಕುಡಿಯುವ ಆರ್‌ಓ ನೀರು ತುಂಬಿಸುವುದು. ಅದರಲ್ಲಿ ಖನಿಜ ಬಹಳ ಕಡಿಮೆ, ಕೆಎಚ್ ಇಲ್ಲವೆನ್ನುವಷ್ಟು. ದಾರ ಕಡಿದ ಗಾಳಿಪಟದ ಹಾಗೆ ಪಿಎಚ್ ಬೀಳುತ್ತದೆ. ಇನ್ನೊಂದು, "ಪಿಎಚ್ ಅಪ್" ಸೀಸೆ. ಕೆಎಚ್ ಸರಿ ಇಲ್ಲದೆ ಅದನ್ನು ಹಾಕಿದರೆ ಸಂಜೆ ಏರುತ್ತದೆ, ಬೆಳಿಗ್ಗೆ ಇಳಿಯುತ್ತದೆ. ಮೀನಿಗೆ ಉಯ್ಯಾಲೆ.

ನಲ್ಲಿ ನೀರಿನ ಕ್ಲೋರಿನ್ ಒಂದು ದಿನ ತೆರೆದಿಟ್ಟರೆ ಹೋಗುತ್ತದೆ. ಕ್ಲೋರಮೈನ್ ಹೋಗುವುದಿಲ್ಲ. ಎರಡರಲ್ಲಿ ಯಾವುದು ಬರುತ್ತಿದೆ ಅಂತ ತಲೆಕೆಡಿಸಿಕೊಳ್ಳುವುದಕ್ಕಿಂತ ಎರಡನ್ನೂ ತೆಗೆಯುವ ದ್ರಾವಣ ಹಾಕಿಬಿಡಿ.

ಹಂತ 5: ಟ್ಯಾಂಕ್ ಹದಕ್ಕೆ ಬರುವವರೆಗೆ ಕಾಯಿರಿ

ಇದನ್ನು ಸೈಕ್ಲಿಂಗ್ ಅನ್ನುತ್ತಾರೆ. ಮೀನಿನ ಕಿವಿರು, ಮಲ, ಉಳಿದ ಊಟ, ಎಲ್ಲದರಿಂದಲೂ ಅಮೋನಿಯ ಬರುತ್ತದೆ. ಅದು ವಿಷ. ಫಿಲ್ಟರಿನ ಸ್ಪಂಜಿನಲ್ಲಿ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯ ಅದನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತದೆ. ಅದು ಅಷ್ಟು ಕೆಟ್ಟದ್ದಲ್ಲ, ನೀರು ಬದಲಾಯಿಸಿ ಹೊರಹಾಕಬಹುದು. ಈ ಎರಡೂ ಬ್ಯಾಕ್ಟೀರಿಯ ಸಾಕಷ್ಟು ಬೆಳೆಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು.

ಸಿಕ್ಲಿಡ್ ಟ್ಯಾಂಕಿನಲ್ಲಿ ಈ ಹಂತ ಯಾಕೆ ಇನ್ನಷ್ಟು ಮುಖ್ಯ ಗೊತ್ತಾ? ಅಮೋನಿಯದ ವಿಷ ಪಿಎಚ್ ಜೊತೆ ಏರುತ್ತದೆ. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯದಲ್ಲಿ ವಿಷರೂಪದ್ದು ನೂರಕ್ಕೆ ಸುಮಾರು 0.5 ಮಾತ್ರ. ಪಿಎಚ್ 8 ಆದರೆ ನೂರಕ್ಕೆ 5. ಪಿಎಚ್ 8.5 ಆದರೆ ಸುಮಾರು 15. ಗಪ್ಪಿ ಟ್ಯಾಂಕಿನಲ್ಲಿ ತಡೆದುಕೊಂಡ ಅದೇ ಅಮೋನಿಯ ಇಲ್ಲಿ ಕಿವಿರನ್ನು ಸುಡುತ್ತದೆ. "ಮುಂಚೆ ಹೀಗೇ ಮಾಡಿದ್ದೆ, ಏನೂ ಆಗಿರಲಿಲ್ಲ" ಅನ್ನುವವರಿಗೆ ಉತ್ತರ ಈ ಲೆಕ್ಕದಲ್ಲೇ ಇದೆ.

ಮಾಡುವ ರೀತಿ ಹೀಗೆ. ಟ್ಯಾಂಕ್ ತುಂಬಿಸಿ, ಫಿಲ್ಟರ್, ಹೀಟರ್ ಹಾಕಿ. ಮೀನು ಬೇಡ. ಸುವಾಸನೆ, ಸೋಪು ಏನೂ ಬೆರೆಸದ ಅಮೋನಿಯ ದ್ರಾವಣವನ್ನು ಹನಿಹನಿಯಾಗಿ ಹಾಕಿ, ಕಿಟ್‌ನಲ್ಲಿ 2 ಪಿಪಿಎಂ ತೋರಿಸುವವರೆಗೆ. ಪಿಪಿಎಂ ಅಂದರೆ ಲೀಟರಿಗೆ ಒಂದು ಮಿಲಿಗ್ರಾಂ ಅಂತ ಇಟ್ಟುಕೊಳ್ಳಿ. ಅಮೋನಿಯ ಸಿಗದಿದ್ದರೆ ದಿನಾ ಒಂದು ಚಿಟಿಕೆ ಮೀನಿನ ಊಟ ಹಾಕಿದರೂ ಅದು ಕೊಳೆತು ಅಮೋನಿಯ ಬರುತ್ತದೆ, ಸ್ವಲ್ಪ ನಿಧಾನ. ಎರಡು ದಿನಕ್ಕೊಮ್ಮೆ ಅಳೆದು ಬರೆದಿಡಿ. ಅಮೋನಿಯ ಇಳಿದಾಗ ಮತ್ತೆ 2ಕ್ಕೆ ತನ್ನಿ. ಮೊದಲು ನೈಟ್ರೈಟ್ ಏರುತ್ತದೆ, ಆಮೇಲೆ ಇಳಿಯುತ್ತದೆ. ಹಾಕಿದ 2 ಪಿಪಿಎಂ ಒಂದೇ ದಿನದಲ್ಲಿ ಕರಗಿ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿದರೆ ಟ್ಯಾಂಕ್ ಹದವಾಯಿತು. ಅರ್ಧಕ್ಕಿಂತ ಹೆಚ್ಚು ನೀರು ಬದಲಾಯಿಸಿ, ಮೀನಿಗೆ ಅಣಿಯಾಗಿ.

ಆರೋಗ್ಯವಾಗಿರುವ ಹಳೆಯ ಟ್ಯಾಂಕ್ ಇರುವ ಸ್ನೇಹಿತರಿದ್ದರೆ ಅವರ ಫಿಲ್ಟರಿನ ಒಂದು ತುಂಡು ಸ್ಪಂಜು ಕೇಳಿ ತನ್ನಿ. ಒದ್ದೆಯಾಗಿಯೇ ತನ್ನಿ. ಮೊಸರಿಗೆ ಹೆಪ್ಪು ಹಾಕಿದ ಹಾಗೆ, ಕೆಲಸ ಬೇಗ ಮುಗಿಯುತ್ತದೆ.

ಹಂತ 6: ಯಾವ ಮೀನು, ಎಷ್ಟು ಮೀನು

ಈಗ ಜಗಳದ ಲೆಕ್ಕ. ಗಂಡು ಎಂಬುನಾ ಒಂದು ಜಾಗವನ್ನು ತನ್ನದು ಅಂತ ಹಿಡಿಯುತ್ತದೆ. ಅಲ್ಲಿಗೆ ಬಂದವರನ್ನು ಓಡಿಸುತ್ತದೆ. ಎಲ್ಲರಿಗಿಂತ ಜಾಸ್ತಿ ಕೋಪ ತನ್ನಂತೆಯೇ ಕಾಣುವ ಇನ್ನೊಂದು ಗಂಡಿನ ಮೇಲೆ. ಟ್ಯಾಂಕಿನಲ್ಲಿ ನಾಲ್ಕೇ ಮೀನು ಇದ್ದರೆ ಆ ಕೋಪವೆಲ್ಲ ಒಂದರ ಮೇಲೆ ಬೀಳುತ್ತದೆ. ಹದಿನೆಂಟು ಇದ್ದರೆ ಹಂಚಿಹೋಗುತ್ತದೆ. ಯಾರನ್ನೂ ಕೊನೆಯವರೆಗೆ ಅಟ್ಟಲು ಆಗುವುದಿಲ್ಲ, ಮಧ್ಯೆ ಇನ್ಯಾರೋ ಅಡ್ಡ ಬಂದಿರುತ್ತಾರೆ. ಇದರಿಂದ ಮೂರು ನಿಯಮ ಹುಟ್ಟುತ್ತವೆ.

ಒಂದು, ಪ್ರತಿ ಜಾತಿಯಲ್ಲಿ ಒಂದು ಗಂಡಿಗೆ ಮೂರೋ ನಾಲ್ಕೋ ಹೆಣ್ಣು. ಜೋಡಿ ತರಬೇಡಿ. ಜೋಡಿ ಅಂದರೆ ಹೆಣ್ಣಿಗೆ ಮರಣಶಾಸನ. ಮರಿ ಇರುವಾಗ ಗಂಡು ಹೆಣ್ಣು ಗೊತ್ತಾಗದ ಜಾತಿಗಳಲ್ಲಿ ಏಳೆಂಟು ತಂದು, ಬೆಳೆದ ಮೇಲೆ ಹೆಚ್ಚಿನ ಗಂಡುಗಳನ್ನು ಬೇರೆಯವರಿಗೆ ಕೊಡಿ.

ಎರಡು, ಒಂದೇ ಥರ ಕಾಣುವ ಎರಡು ಜಾತಿ ಬೇಡ. ನೀಲಿ ಮೈ ಮೇಲೆ ಕಪ್ಪು ಪಟ್ಟೆ ಇರುವುದು ಒಂದೇ ಇರಲಿ.

ಮೂರು, ಆದಷ್ಟೂ ಎಲ್ಲವನ್ನೂ ಒಟ್ಟಿಗೆ, ಚಿಕ್ಕದಿರುವಾಗಲೇ ಬಿಡಿ. ಮೊದಲು ಬಂದವನು ಯಜಮಾನ ಆಗಿಬಿಡುತ್ತಾನೆ. ಹದಿನೆಂಟು ಮೀನು ಒಮ್ಮೆಗೇ ಬಿಡಬೇಕು ಅಂದರೆ ಫಿಲ್ಟರ್ ಅಷ್ಟನ್ನೂ ತಡೆಯುವಂತಿರಬೇಕು. ಐದನೇ ಹಂತದಲ್ಲಿ ಅಷ್ಟು ಹಟ ಮಾಡಿದ್ದು ಇದಕ್ಕೇ.

ನಾಲ್ಕು ಅಡಿ ಟ್ಯಾಂಕಿಗೆ ಮೊದಲ ಗುಂಪು ಹೀಗಿರಬಹುದು: ಯೆಲ್ಲೋ ಲ್ಯಾಬ್ 6, ರಸ್ಟಿ 6, ಅಸೀ 6. ಯೆಲ್ಲೋ ಲ್ಯಾಬ್ ನಿಂಬೆಹಣ್ಣಿನ ಹಳದಿ, ಬೆನ್ನ ಈಜುರೆಕ್ಕೆಗೆ ಕಪ್ಪು ಅಂಚು. ಎಂಬುನಾಗಳಲ್ಲಿ ಸಾಧು. ರಸ್ಟಿ ಕಂದು ನೇರಳೆ. ಅಸೀ ನೀಲಿನೇರಳೆ ಮೈಗೆ ಹಳದಿ ಬಾಲ, ಕಲ್ಲಿಗಿಂತ ಮೇಲೆ ಗುಂಪಾಗಿ ಈಜುತ್ತದೆ. ಮೂರಕ್ಕೂ ಮೂರು ಬಣ್ಣ, ಮೂರಕ್ಕೂ ಬೇರೆ ಬೇರೆ ಜಾಗ.

ಮೊದಲ ಸಲಕ್ಕೆ ಆರಾಟಸ್ ಮತ್ತು ಕೆನ್ಯಿ ಬೇಡ. ಮರಿಯಾಗಿದ್ದಾಗ ಬಹಳ ಚೆಂದ, ಅದಕ್ಕೇ ಎಲ್ಲರೂ ಮರುಳಾಗುತ್ತಾರೆ. ಆರಾಟಸ್ ಮರಿ ಹಳದಿ ಮೈಗೆ ಕಪ್ಪು ಪಟ್ಟೆ, ಗಂಡು ಬೆಳೆದಾಗ ಕಪ್ಪಾಗಿ ಇಡೀ ಟ್ಯಾಂಕನ್ನು ಆಳುತ್ತದೆ. ಕೆನ್ಯಿ ಉಲ್ಟಾ: ಮರಿ ನೀಲಿ, ಗಂಡು ಬೆಳೆದಾಗ ಹಳದಿ. ಡೆಮಸೋನಿ ಪುಟ್ಟದು, ಎಂಟು ಸೆಂ.ಮೀ. ಒಳಗೆ. ಆದರೆ ತನ್ನ ಜಾತಿಯವರನ್ನೇ ಸಹಿಸುವುದಿಲ್ಲ. ಹನ್ನೆರಡಕ್ಕಿಂತ ಹೆಚ್ಚು ತನ್ನಿ, ಇಲ್ಲದಿದ್ದರೆ ತರಲೇಬೇಡಿ. ಇನ್ನು ವೀನಸ್ಟಸ್, ಫ್ರಂಟೋಸಾ. ಇವು 25, 30 ಸೆಂ.ಮೀ.ವರೆಗೆ ಬೆಳೆಯುತ್ತವೆ. ಆರು ಅಡಿ ಟ್ಯಾಂಕ್ ಇದ್ದವರಿಗೆ ಮಾತ್ರ.

ಪೀಕಾಕ್ ಆರಿಸಿದವರು ಹೆಣ್ಣೇ ಇಲ್ಲದೆ ಬೇರೆ ಬೇರೆ ಬಣ್ಣದ ಗಂಡುಗಳನ್ನು ಮಾತ್ರ, ಹತ್ತು ಹನ್ನೆರಡು, ಸಾಕಬಹುದು. ಹೆಣ್ಣಿಲ್ಲದಿದ್ದರೆ ಜಗಳಕ್ಕೆ ಕಾರಣವೂ ಅರ್ಧ ಇಲ್ಲ. ಒಂದು ಎಚ್ಚರಿಕೆ: ನಾಲ್ಕು ಸೆಂ.ಮೀ. ಮರಿಗಳ ತೊಟ್ಟಿಯಲ್ಲಿ ಎಲ್ಲವೂ ದೊಡ್ಡ ಗಂಡಿನಂತೆ ಹೊಳೆಯುತ್ತಿದ್ದರೆ ಹಾರ್ಮೋನ್ ತಿನ್ನಿಸಿರುವ ಸಾಧ್ಯತೆ ಇದೆ. ಆ ಬಣ್ಣ ಮನೆಗೆ ತಂದ ಮೇಲೆ ಮಾಸುತ್ತದೆ. ಆ ವಯಸ್ಸಲ್ಲಿ ಮಂಕಾಗಿರುವುದೇ ಸಹಜ.

ಹಂತ 7: ಮೀನು ಬಿಡುವುದು

ಚೀಲವನ್ನು ಇಪ್ಪತ್ತು ನಿಮಿಷ ಟ್ಯಾಂಕಿನಲ್ಲಿ ತೇಲಿಸಿ. ಆಮೇಲೆ ಮೀನನ್ನು ಚೀಲದ ನೀರಿನ ಸಮೇತ ಬಕೆಟ್‌ಗೆ ಹಾಕಿ, ಟ್ಯಾಂಕಿನ ನೀರನ್ನು ಸಣ್ಣ ಪೈಪಿನಲ್ಲಿ ಹನಿಹನಿಯಾಗಿ ಬಿಡಿ. ಅರ್ಧದಿಂದ ಮುಕ್ಕಾಲು ಗಂಟೆ ಸಾಕು. ಮೀನನ್ನು ಮಾತ್ರ ಬಲೆಯಲ್ಲಿ ಎತ್ತಿ ಬಿಡಿ, ಬಕೆಟ್ ನೀರು ಚೆಲ್ಲಿ. ಆ ದಿನ ದೀಪ ಬೇಡ, ಊಟವೂ ಬೇಡ.

ಮುಂದೆ ಯಾವಾಗಲಾದರೂ ಹೊಸ ಮೀನು ಸೇರಿಸಬೇಕಾದರೆ ಮೂರು ನಾಲ್ಕು ವಾರ ಬೇರೆ ತೊಟ್ಟಿಯಲ್ಲಿ ಇಟ್ಟು ನೋಡಿ. ಬಿಡುವ ದಿನ ಕಲ್ಲುಗಳನ್ನೆಲ್ಲ ಬೇರೆ ರೀತಿ ಜೋಡಿಸಿ. ಹಳಬರಿಗೂ ಮನೆ ಹೊಸದಾದರೆ ಹೊಸಬರ ಕಡೆ ಗಮನ ಕಡಿಮೆ.

ಹಂತ 8: ಊಟ

ಎಂಬುನಾ ಹೆಚ್ಚಾಗಿ ಪಾಚಿ ತಿನ್ನುವ ಮೀನು. ಅದರ ಕರುಳು ಉದ್ದ, ನಿಧಾನ. ಸ್ಪೈರುಲಿನಾ (ಒಂದು ಬಗೆಯ ಪಾಚಿ) ಇರುವ ಸಣ್ಣ ಪೆಲೆಟ್, ಅಂದರೆ ಗುಳಿಗೆ, ಮುಖ್ಯ ಊಟ. ವಾರಕ್ಕೊಮ್ಮೆ ಬಿಸಿನೀರಲ್ಲಿ ಬಾಡಿಸಿದ ಪಾಲಕ್, ಸಿಪ್ಪೆ ತೆಗೆದ ಬಟಾಣಿ ಕೊಡಬಹುದು. ಮಾಂಸ, ಟ್ಯೂಬಿಫೆಕ್ಸ್ ಹುಳು ಬೇಡವೇ ಬೇಡ. ಪೀಕಾಕ್ ಮತ್ತು ಹ್ಯಾಪ್‌ಗೆ ಪ್ರೋಟೀನ್ ಜಾಸ್ತಿ ಇರುವ ಪೆಲೆಟ್, ಜೊತೆಗೆ ಸೀಗಡಿಯ ಚೂರು ಆಗುತ್ತದೆ. ಅವಕ್ಕೂ ಹಸು, ಕೋಳಿಯ ಮಾಂಸ ಸಲ್ಲದು.

ದಿನಕ್ಕೆ ಎರಡು ಸಲ, ಒಂದು ನಿಮಿಷದೊಳಗೆ ಮುಗಿಯುವಷ್ಟು. ವಾರಕ್ಕೊಂದು ದಿನ ಉಪವಾಸ. ನೀವು ಹತ್ತಿರ ಹೋದರೆ ಸಾಕು, ಗಾಜಿಗೆ ಮೂತಿ ಒತ್ತಿ ಹೊಟ್ಟೆಗಿಲ್ಲದವರ ಹಾಗೆ ಕುಣಿಯುತ್ತವೆ. ಆ ನಾಟಕಕ್ಕೆ ಸೋಲಬೇಡಿ.

ಸೋತರೆ ಏನಾಗುತ್ತದೆ ಅಂದರೆ, ಮಲಾವಿ ಬ್ಲೋಟ್. ಹೊಟ್ಟೆಯುಬ್ಬರ. ಮೊದಲ ಸೂಚನೆ ಬಹಳ ಚಿಕ್ಕದು: ಊಟ ಬಾಯಿಗೆ ಹಾಕಿಕೊಂಡು ಉಗುಳುತ್ತದೆ. ಆಮೇಲೆ ಮೂಲೆ ಸೇರುತ್ತದೆ, ಮಲ ಬಿಳಿ ದಾರದಂತೆ ನೇತಾಡುತ್ತದೆ, ಉಸಿರು ಜೋರಾಗುತ್ತದೆ. ಹೊಟ್ಟೆ ಊದಿ ಕಾಣುವ ಹೊತ್ತಿಗೆ ಬಹುತೇಕ ಕೈಮೀರಿರುತ್ತದೆ. ಹಾಗಾಗಿ ಉಗುಳುವುದನ್ನು ಕಂಡ ದಿನವೇ ಆ ಮೀನನ್ನು ಬೇರೆ ಮಾಡಿ, ಊಟ ನಿಲ್ಲಿಸಿ, ಮುಖ್ಯ ಟ್ಯಾಂಕಿನ ನೀರು ಬದಲಾಯಿಸಿ. ಇದಕ್ಕೆ ಸಾಮಾನ್ಯವಾಗಿ ಬಳಸುವ ಔಷಧ ಮೆಟ್ರೊನಿಡಜೋಲ್. ಪ್ರಮಾಣವನ್ನು ಮೀನು ಗೊತ್ತಿರುವ ಪಶುವೈದ್ಯರನ್ನು ಕೇಳಿ ಹಾಕಿ.

ಹಂತ 9: ವಾರದ ಕೆಲಸ

ವಾರಕ್ಕೊಮ್ಮೆ ಮೂರನೇ ಒಂದು ಭಾಗ ನೀರು ಬದಲಾಯಿಸಿ. ಹೊಸ ನೀರಿನ ಶಾಖ, ಕೆಎಚ್ ಹಳೆಯದರಷ್ಟೇ ಇರಲಿ. ನೈಟ್ರೇಟ್ 40 ಪಿಪಿಎಂ ದಾಟಲು ಬಿಡಬೇಡಿ, 20ರ ಆಸುಪಾಸು ಇದ್ದರೆ ಚೆನ್ನ. ನೀರು ಇಳಿಸುವ ಮೊದಲು ಹೀಟರಿನ ಪ್ಲಗ್ ಕೀಳಿ. ನೀರಿನ ಹೊರಗೆ ಕಾದ ಹೀಟರ್ ಒಡೆಯುತ್ತದೆ.

ಫಿಲ್ಟರ್ ಸ್ಪಂಜನ್ನು ನಲ್ಲಿ ಕೆಳಗೆ ಹಿಡಿದು ಬೆಳ್ಳಗೆ ತೊಳೆಯಬೇಡಿ. ನಾಲ್ಕೈದು ವಾರ ಕಾದು ಬೆಳೆಸಿದ ಬ್ಯಾಕ್ಟೀರಿಯ ಕ್ಲೋರಿನ್ನಿಗೆ ಸಾಯುತ್ತದೆ. ಟ್ಯಾಂಕಿನಿಂದ ತೆಗೆದ ನೀರಲ್ಲೇ ಎರಡು ಸಲ ಹಿಂಡಿ ಹಾಕಿ, ಅಷ್ಟೇ. ಕರೆಂಟ್ ಹೋದರೆ ಮೊದಲು ಬೇಕಾಗುವುದು ಗಾಳಿ. ಮೀನು ಜಾಸ್ತಿ ಇರುವುದರಿಂದ ಆಮ್ಲಜನಕ ಬೇಗ ಮುಗಿಯುತ್ತದೆ. ಬ್ಯಾಟರಿ ಏರ್ ಪಂಪ್ ಒಂದು ಇಟ್ಟುಕೊಂಡಿರಿ. ಮುಚ್ಚಿದ ಡಬ್ಬಿಯ ಕ್ಯಾನಿಸ್ಟರ್ ಫಿಲ್ಟರ್ ಹಲವು ಗಂಟೆ ನಿಂತಿದ್ದರೆ ಒಳಗಿನ ನೀರು ಚೆಲ್ಲಿ ಆಮೇಲೆ ಚಾಲೂ ಮಾಡಿ. ಊರಿಗೆ ಹೋಗುವಾಗ ಒಂದು ವಾರದವರೆಗೆ ದೊಡ್ಡ ಮೀನುಗಳಿಗೆ ಊಟ ಇಲ್ಲದಿದ್ದರೂ ನಡೆಯುತ್ತದೆ. ಪಕ್ಕದ ಮನೆಯವರ ಕೈಗೆ ಡಬ್ಬಿ ಕೊಡುವುದಕ್ಕಿಂತ ಅದು ಕ್ಷೇಮ.

ಜಗಳ ಶುರುವಾದರೆ

ಅಟ್ಟಾಡಿಸುವುದು, ಮೈ ನಡುಗಿಸುವುದು, ಬಾಯಿಗೆ ಬಾಯಿ ಕಚ್ಚಿ ಎಳೆದಾಡುವುದು ಎಲ್ಲ ದಿನನಿತ್ಯದ್ದು. ಗಾಬರಿ ಬೇಡ. ಒಂದು ಮೀನು ಊಟಕ್ಕೂ ಕೆಳಗೆ ಬಾರದೆ ಮೇಲಿನ ಮೂಲೆಯಲ್ಲೇ ನಿಂತಿದ್ದರೆ, ರೆಕ್ಕೆ ಹರಿದಿದ್ದರೆ, ಆಗ ನೀವು ನಡುವೆ ಬರಬೇಕು. ಏಟು ತಿಂದವನನ್ನು ಬೇರೆ ಮಾಡಿ ಗುಣಪಡಿಸಿ. ಆದರೆ ಅಷ್ಟಕ್ಕೇ ಬಿಟ್ಟರೆ ಪುಂಡ ಇನ್ನೊಬ್ಬನನ್ನು ಹಿಡಿಯುತ್ತಾನೆ. ಪುಂಡನನ್ನೂ ಹೊರಗೆ ತೆಗೆದು ಒಂದೆರಡು ವಾರ ಬೇರೆ ಇಡಿ, ಕಲ್ಲು ಬದಲಿಸಿ, ಆಮೇಲೆ ಬಿಡಿ. ತಿರುಗಿ ಬರುವಾಗ ಅವನು ಹೊಸಬ. ಮತ್ತೆ ಅದೇ ಆಟ ಆಡಿದರೆ ಬೇರೆಯವರಿಗೆ ಕೊಟ್ಟುಬಿಡಿ. ಎಷ್ಟು ಚೆಂದ ಇದ್ದರೂ ಸರಿ.

ಹೆಣ್ಣಿನ ಗಂಟಲು ಉಬ್ಬಿದ್ದರೆ

ಒಂದು ಹೆಣ್ಣು ಊಟ ಬಿಟ್ಟಿದೆ, ಗದ್ದದ ಕೆಳಗೆ ಚೀಲದಂತೆ ಉಬ್ಬಿದೆ, ಆಗಾಗ ಬಾಯಲ್ಲಿ ಏನೋ ಅಗಿಯುವಂತೆ ಮಾಡುತ್ತಿದೆ. ಕಾಯಿಲೆ ಅಂತ ಔಷಧ ಹಾಕಿಬಿಟ್ಟೀರಿ! ಅದು ಬಾಯಲ್ಲಿ ಮೊಟ್ಟೆ ಇಟ್ಟುಕೊಂಡಿದೆ. ಮಲಾವಿ ಹೆಣ್ಣುಗಳು ಇಟ್ಟ ಮೊಟ್ಟೆಯನ್ನು ಕೂಡಲೇ ಬಾಯಿಗೆ ತೆಗೆದುಕೊಳ್ಳುತ್ತವೆ. ಗಂಡಿನ ಹೊಟ್ಟೆಯಡಿಯ ರೆಕ್ಕೆಯಲ್ಲಿ ಮೊಟ್ಟೆಯಂಥ ಹಳದಿ ಚುಕ್ಕೆಗಳಿರುತ್ತವೆ. ಅದಕ್ಕೂ ಬಾಯಿ ಹಾಕಲು ಹೋದಾಗ ಗಂಡಿನ ವೀರ್ಯ ಬಾಯಿ ಸೇರಿ ಮೊಟ್ಟೆ ಫಲಿಸುತ್ತದೆ. ಸುಮಾರು ಮೂರು ವಾರ ಏನೂ ತಿನ್ನದೆ ಹೊತ್ತುಕೊಂಡಿರುತ್ತದೆ.

ಮರಿ ಬೇಕಿದ್ದರೆ ಹದಿನೈದನೇ ದಿನದ ಹೊತ್ತಿಗೆ ಆ ಹೆಣ್ಣನ್ನು ಮೆಲ್ಲಗೆ ಹಿಡಿದು ಸಣ್ಣ ತೊಟ್ಟಿಗೆ ಬಿಡಿ. ಅಲ್ಲಿ ಸ್ಪಂಜ್ ಫಿಲ್ಟರ್, ಒಂದು ಅಡಗುವ ಜಾಗ ಇರಲಿ. ಮರಿಗಳನ್ನು ಉಗುಳಿದ ಮೇಲೆ ತಾಯಿಗೆ ಅಲ್ಲೇ ಕೆಲವು ದಿನ ಊಟ ಹಾಕಿ, ಮೈ ತುಂಬಿದ ಮೇಲೆ ಹಿಂದಕ್ಕೆ ಕಳಿಸಿ. ಸೊರಗಿದ ಹೆಣ್ಣನ್ನು ನೇರ ಬಿಟ್ಟರೆ ಉಳಿದವರು ಬಿಡುವುದಿಲ್ಲ. ಮರಿಗಳು ಹುಟ್ಟುವಾಗಲೇ ಸಾಕಷ್ಟು ದೊಡ್ಡವು, ಪುಡಿ ಮಾಡಿದ ಸ್ಪೈರುಲಿನಾ ಊಟ ಮೊದಲ ದಿನದಿಂದಲೇ ತಿನ್ನುತ್ತವೆ. ದಿನಕ್ಕೆ ಮೂರು ನಾಲ್ಕು ಸಲ, ಚಿಟಿಕೆ ಚಿಟಿಕೆ.

ಆ ಮರಿಗಳನ್ನು ಯಾರಿಗಾದರೂ ಕೊಡುವಾಗ ಒಂದು ಮಾತು ಹೇಳಿ. ಒಂದೇ ಟ್ಯಾಂಕಿನ ಬೇರೆ ಬೇರೆ ಜಾತಿಗಳು ಸುಲಭವಾಗಿ ಬೆರಕೆಯಾಗುತ್ತವೆ, ಪೀಕಾಕ್‌ಗಳಲ್ಲಂತೂ ತಂದೆ ಯಾರು ಅಂತ ಹೇಳುವುದೇ ಕಷ್ಟ. ಹೆಸರು ಖಚಿತ ಇಲ್ಲದಿದ್ದರೆ "ಬೆರಕೆ ಇರಬಹುದು" ಅಂತ ಚೀಲದ ಮೇಲೆ ಬರೆದೇ ಕೊಡಿ.